ಹಡಗು ತೆಗೆದರು, ಕೈದಿಗಳು ದಡ್ಡರಾದರು

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ವಯಸ್ಸು 27. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಹೋದ ವಾರ ಅಕ್ಕನ ಮಗನಿಗೆ ಅದರ ಮೇಲೆ ತೆಗೆದ 2010ರ ಸಿನಿಮಾ ತೋರಿಸಿದೆ. ಒಂಬತ್ತು ವರ್ಷದವನು. ಅರ್ಧಕ್ಕೇ ಎದ್ದು ಹೋದ. ‘ಮಾಮ, ಇದನ್ನೇನಾ ನೀನು ಅಷ್ಟು ಹೊಗಳ್ತಿದ್ದದ್ದು?’ ಅಂದ. ಮರ್ಯಾದೆ ಹೋಯ್ತು. ಈ ನಿರ್ದೇಶಕರು ಮೂಲವನ್ನು ನೋಡೋದೇ ಇಲ್ವಾ? ಕಾಮಿಕ್ಸ್, ಕಾರ್ಟೂನ್ ಅಂದ್ರೆ ಇವರಿಗೆ ಯಾಕಿಷ್ಟು ಅಸಡ್ಡೆ? ನಾವು ಅಭಿಮಾನಿಗಳು ಇಷ್ಟು ಬೈತೀವಲ್ಲ, ಅದರಿಂದ ಏನಾದ್ರೂ ಉಪಯೋಗ ಇದೆಯಾ?

ಉತ್ತರ: ನಿಮ್ಮ ಅಳಿಯ ಎದ್ದು ಹೋದದ್ದು ಮಣ್ಣಿನವರ ಜೈಲು ಬರುವ ಹೊತ್ತಿಗೆ ಅಂತ ನನ್ನ ಊಹೆ. ನಾನೂ ಮೊದಲ ಸಲ ನೋಡಿದಾಗ ಅಲ್ಲೇ ಕೈಬಿಟ್ಟೆ. ಆ ದೃಶ್ಯದಿಂದಲೇ ಶುರು ಮಾಡೋಣ, ಯಾಕಂದ್ರೆ ನಿಮ್ಮ ಪ್ರಶ್ನೆಗಳಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈ ಕಾರ್ಟೂನ್ ನೋಡದೆ ಇರುವವರಿಗೆ ಒಂದೆರಡು ಮಾತು. ಕಥೆಯಲ್ಲಿ ನಾಲ್ಕು ನಾಡುಗಳಿವೆ. ನೀರು, ಮಣ್ಣು, ಬೆಂಕಿ, ಗಾಳಿ. ಒಂದೊಂದು ನಾಡಿನ ಕೆಲವರಿಗೆ ತಮ್ಮ ಪಾಲಿನದನ್ನು ಕೈಕಾಲಿನ ಪಟ್ಟಿನಿಂದಲೇ ಆಡಿಸುವ ಶಕ್ತಿ ಇದೆ. ಬೆಂಕಿಯವರು ಮಿಕ್ಕವರ ಮೇಲೆ ದಂಡೆತ್ತಿ ಬಂದಿದ್ದಾರೆ. ನಾಲ್ಕನ್ನೂ ಆಡಿಸಬಲ್ಲವನು ಅವತಾರ್ ಒಬ್ಬನೇ. ಅವನೇ ಆಂಗ್. ಹನ್ನೆರಡು ವರ್ಷದ ಹುಡುಗ, ನೂರು ವರ್ಷ ಮಂಜುಗಡ್ಡೆಯೊಳಗೆ ಇದ್ದು ಈಗ ಎದ್ದು ಬಂದಿದ್ದಾನೆ.

ಮೊದಲ ಸೀಸನ್ನಿನ ಆರನೇ ಕಂತು ನೆನಪು ಮಾಡಿಕೊಳ್ಳಿ. ಮಣ್ಣಿನವರನ್ನು ಬೆಂಕಿಯವರು ಸೆರೆ ಹಿಡಿದು ಸಮುದ್ರದ ಮಧ್ಯೆ ಹಡಗಿನಂಥ ಕಬ್ಬಿಣದ ಜೈಲಿನಲ್ಲಿ ಇಟ್ಟಿರುತ್ತಾರೆ. ಸುತ್ತ ನೀರು, ಕಾಲಡಿ ಲೋಹ. ಒಂದು ಹಿಡಿ ಮಣ್ಣೂ ಇಲ್ಲ. ಆಂಗ್ ಜೊತೆಗಾತಿ ಕಟಾರಾ ಬೇಕಂತಲೇ ಸಿಕ್ಕಿಬಿದ್ದು ಒಳಗೆ ಹೋಗುತ್ತಾಳೆ, ಊಟದ ಹೊತ್ತಿನಲ್ಲಿ ಎದ್ದು ನಿಂತು ಭಾಷಣ ಮಾಡುತ್ತಾಳೆ, ಏಳಿ, ಹೋರಾಡಿ ಅಂತ. ಯಾರೂ ಏಳೋದಿಲ್ಲ. ತಲೆ ಬಗ್ಗಿಸಿ ಊಟ ಮಾಡುತ್ತಾರೆ, ಅಷ್ಟೆ. ಮಕ್ಕಳ ಕಾರ್ಟೂನಿನಲ್ಲಿ ಭಾಷಣ ಸೋಲುತ್ತದೆ ನೋಡ್ರಿ, ಅದು ಎಷ್ಟು ದೊಡ್ಡ ಮಾತು! ಆಮೇಲೆ ಅವಳ ಅಣ್ಣನಿಗೆ ಹೊಳೆಯುತ್ತದೆ, ಜೈಲಿನ ಯಂತ್ರಗಳು ಓಡೋದು ಕಲ್ಲಿದ್ದಲಿನಿಂದ, ಕಲ್ಲಿದ್ದಲು ಅಂದ್ರೆ ಭೂಮಿಯಿಂದಲೇ ಬಂದದ್ದು ಅಂತ. ಆಂಗ್ ಗಾಳಿ ಬೀಸಿ ಕಲ್ಲಿದ್ದಲನ್ನೆಲ್ಲ ಕೊಳವೆ ಮೂಲಕ ಮೇಲಕ್ಕೆ ತಳ್ಳುತ್ತಾನೆ. ಎದುರಿಗೆ ರಾಶಿ ಬಿದ್ದ ಮೇಲೂ ಅವರು ಹೆದರಿ ಹಿಂದೆ ಸರಿಯುತ್ತಾರೆ. ಜೈಲಧಿಕಾರಿ ನಗುತ್ತಾನೆ. ಆಗ ಒಬ್ಬ ಹುಡುಗ ಒಂದು ಚೂರು ಎತ್ತಿ ಬೀಸುತ್ತಾನೆ. ಅಲ್ಲಿಂದ ಶುರು.

ಸಿನಿಮಾದಲ್ಲಿ ಏನಾಯಿತು? ಜೈಲನ್ನು ನೆಲದ ಮೇಲೆ ತಂದರು. ಸುತ್ತ ಗುಡ್ಡ, ಕಾಲಡಿ ಮಣ್ಣು. ಮಣ್ಣನ್ನು ಆಡಿಸೋ ಜನ, ಮಣ್ಣಿನ ಮೇಲೇ ಕೂತು, ತಪ್ಪಿಸಿಕೊಳ್ಳೋಕೆ ಆಗ್ತಿಲ್ಲ ಅಂತ ಅಳುತ್ತಿದ್ದಾರೆ. ಆಂಗ್ ಬಂದು ನಿಮ್ಮ ಕಾಲ ಕೆಳಗೇ ಮಣ್ಣಿದೆಯಲ್ಲ ಅಂತ ನೆನಪು ಮಾಡುತ್ತಾನೆ. ಹೌದಲ್ಲ ಅಂತ ಎಲ್ಲರೂ ಎದ್ದು ಹೊಡೆದಾಡುತ್ತಾರೆ. ಸಾಲದ್ದಕ್ಕೆ ಅದೇ ಹೊಡೆದಾಟದಲ್ಲಿ ಆರು ಜನ ಸೇರಿ ಕೋಲಾಟದ ಥರ ಒಂದೇ ತಾಳಕ್ಕೆ ಕಾಲು ಬಡಿದು, ಕೈ ಬೀಸಿ, ಮುಗಿದ ಮೇಲೆ ಒಂದು ಸಣ್ಣ ಕಲ್ಲು ಮೆಲ್ಲಗೆ ತೇಲಿಕೊಂಡು ಹೋಗುತ್ತದೆ. ಚಂದ್ರವಳ್ಳಿ ಕೆರೆ ದಂಡೆಯಲ್ಲಿ ನಮ್ಮ ಹುಡುಗರು ಅದಕ್ಕಿಂತ ಜೋರಾಗಿ ಕಲ್ಲು ಬೀಸುತ್ತಾರೆ.

ಇದು ನಿರ್ಲಕ್ಷ್ಯದಿಂದ ಆಗುವ ತಪ್ಪಲ್ಲ. ಇಂಥದ್ದು ಹೇಗೆ ಹುಟ್ಟುತ್ತದೆ ಅಂತ ನಾನು ಕೂತ ಕೋಣೆಗಳಲ್ಲೇ ನೋಡಿದ್ದೇನೆ. ನಾನು ಕಲಿತದ್ದು ನಿಮ್ಮೂರಿನ ದೃಶ್ಯಕಲಾ ಕಾಲೇಜಿನಲ್ಲಿ. ಆಮೇಲೆ ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ಸ್ಟೋರಿಬೋರ್ಡ್ ಬರೆದೆ. ಅಂದ್ರೆ ಶೂಟಿಂಗಿಗೆ ಮುಂಚೆ ಕಥೆಯನ್ನು ಒಂದೊಂದು ಶಾಟ್ ಆಗಿ ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸೋ ಕೆಲಸ. ಆ ಮೇಜಿನ ಸುತ್ತ ಯಾರೂ ಕಥೆ ಹಾಳು ಮಾಡೋಣ ಅಂತ ಬಂದಿರೋದಿಲ್ಲ. ಯಾರೋ ಒಬ್ಬರು ಕೇಳುತ್ತಾರೆ: ಸಮುದ್ರ, ಹಡಗು, ಕಬ್ಬಿಣದ ಸೆಟ್ಟು, ಇಷ್ಟೆಲ್ಲ ಬೇಕಾ? ದೃಶ್ಯದಲ್ಲಿ ಮುಖ್ಯ ಯಾವುದು? ‘ಕೈದಿಗಳು ಎದ್ದು ನಿಲ್ಲೋದು’ ಅಂತ ಇನ್ನೊಬ್ಬರು ಹೇಳುತ್ತಾರೆ. ಹಾಗಾದ್ರೆ ಅದನ್ನು ಇಟ್ಕೊಳ್ಳಿ, ಜಾಗ ಬದಲಾಯಿಸಿ. ಕೇಳೋಕೆ ಸರಿಯಾಗೇ ಇದೆ ಅಲ್ವಾ? ಆದರೆ ಕೈದಿಗಳು ಯಾಕೆ ಇಷ್ಟು ದಿನ ಎದ್ದಿರಲಿಲ್ಲ ಅನ್ನೋದು ಆ ಹಡಗಿನಲ್ಲೇ ಇತ್ತು. ಹಡಗು ತೆಗೆದ ತಕ್ಷಣ ಅವರು ದಡ್ಡರಾದರು. ಅಂಥವರ ಬಗ್ಗೆ ನೋಡುವವರಿಗೆ ಮರುಕ ಹುಟ್ಟೋದಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಮೂಲ ನೋಡೋದೇ ಇಲ್ವಾ ಅಂತ. ಇಲ್ಲಿ ನೋಡಿದ್ದರು. ನಿರ್ದೇಶಕ ಎಂ. ನೈಟ್ ಶ್ಯಾಮಲನ್ ಅವರ ಮಗಳಿಗೆ ಆ ಕಾರ್ಟೂನ್ ಪಂಚಪ್ರಾಣ, ಕಟಾರಾ ವೇಷ ಹಾಕಬೇಕು ಅಂತ ಆಸೆಪಟ್ಟಿದ್ದಳು, ಅವಳಿಂದಲೇ ಇವರೂ ಅದಕ್ಕೆ ಒಲಿದದ್ದು. ಚಿತ್ರಕಥೆ ಬರೆದವರೂ ಅವರೇ. ಅಂದ್ರೆ ನೋಡಿ, ಇಷ್ಟಪಟ್ಟು, ತಾವೇ ಬರೆದು, ಆಮೇಲೆ ಹೀಗಾಯಿತು. ಆ ವರ್ಷದ ಅತಿ ಕೆಟ್ಟ ಚಿತ್ರಕ್ಕೆ ಕೊಡುವ ಅಣಕು ಪ್ರಶಸ್ತಿ ರ‍್ಯಾಜಿ ಕೂಡ ಬಂತು.

ಸಮಯದ ಲೆಕ್ಕವನ್ನೂ ಹಾಕಿ. ಕಾರ್ಟೂನ್ 2005ರಿಂದ 2008ರ ತನಕ ಬಂತು, ಮೂರು ಸೀಸನ್, ಒಟ್ಟು 61 ಕಂತು. ಸಿನಿಮಾ ತೆಗೆದುಕೊಂಡದ್ದು ಮೊದಲ ಸೀಸನ್ನಿನ 20 ಕಂತುಗಳನ್ನು. ಕಂತಿಗೆ ಇಪ್ಪತ್ಮೂರು ನಿಮಿಷದ ಹಾಗೆ ಹಿಡಿದರೂ ಏಳೂವರೆ ಗಂಟೆಗಿಂತ ಜಾಸ್ತಿ ಆಗುತ್ತದೆ. ಅದನ್ನು 103 ನಿಮಿಷಕ್ಕೆ ಇಳಿಸಿದರು. ಇಳಿಸುವಾಗ ಮೊದಲು ಹೋಗೋದು ತಮಾಷೆ, ಯಾಕಂದ್ರೆ ತಮಾಷೆಯಿಂದ ಕಥೆ ಮುಂದೆ ಓಡೋದಿಲ್ಲ ಅಂತ ಎಲ್ಲರ ನಂಬಿಕೆ. ತಮಾಷೆ ಹೋದರೆ ಆಂಗ್ ಎಲ್ಲಿ ಉಳಿದ? ಹೆಸರನ್ನೂ ಬಿಡಲಿಲ್ಲ, ಆಂಗ್ ಹೋಗಿ ಓಂಗ್ ಆಯಿತು. ಏಷ್ಯಾದ ಉಚ್ಚಾರಣೆ ಅದೇ ಸರಿ ಅನ್ನೋದು ನಿರ್ದೇಶಕರ ವಾದ. ಇರಬಹುದು. ಆದರೆ ಮೂರು ವರ್ಷ ಆಂಗ್ ಅಂತ ಕೇಳಿದ ಕಿವಿಗೆ ಅದು ನಮ್ಮ ರಾಮಾಚಾರಿಯನ್ನು ಯಾರೋ ರೋಮಾಚಾರಿ ಅಂದ ಹಾಗೆ.

ಹಾಗಂತ ಸಮಯ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 2024ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಇದೇ ಕಥೆ ಎಂಟು ಕಂತಾಗಿ ಬಂತು. ಸಮಯ ಇತ್ತು, ದುಡ್ಡಿತ್ತು, ಬಟ್ಟೆಬರೆ ಎಲ್ಲ ಕಾರ್ಟೂನಿನ ಹಾಗೇ. ಕಾರ್ಟೂನ್ ಹುಟ್ಟಿಸಿದ ಇಬ್ಬರು ಮಾತ್ರ 2020ರಲ್ಲೇ ಹೊರಗೆ ಹೋಗಿದ್ದರು. ಅದರಲ್ಲಿ ಒಂದು ಬದಲಾವಣೆ ಇದೆ, ನೋಡೋಕೆ ಸಾಸಿವೆಯಷ್ಟು. ಕಾರ್ಟೂನಿನ ಆಂಗ್ ಆಶ್ರಮ ಬಿಟ್ಟು ಓಡಿಹೋಗುತ್ತಾನೆ. ನೀನೇ ಅವತಾರ್ ಅಂತ ಹೇಳಿದ್ದಾರೆ, ಪ್ರೀತಿಯ ಗುರುವಿನಿಂದ ಬೇರೆ ಮಾಡೋಕೆ ಹೊರಟಿದ್ದಾರೆ ಅಂತ ಕದ್ದು ಕೇಳಿಸಿಕೊಂಡಿದ್ದಾನೆ, ರಾತ್ರೋರಾತ್ರಿ ಓಡುತ್ತಾನೆ. ಬಿರುಗಾಳಿಗೆ ಸಿಕ್ಕಿ ಸಮುದ್ರಕ್ಕೆ ಬೀಳುತ್ತಾನೆ. ಎದ್ದಾಗ ನೂರು ವರ್ಷ ಕಳೆದಿದೆ, ಅವನವರು ಒಬ್ಬರೂ ಉಳಿದಿಲ್ಲ. ಒಬ್ಬ ಮುದುಕ ಬೆಸ್ತ ಅವನ ಮುಖಕ್ಕೇ ಹೇಳುತ್ತಾನೆ, ಲೋಕಕ್ಕೆ ಬೇಕಾದಾಗ ನೀನು ಬೆನ್ನು ತಿರುಗಿಸಿ ಹೋದೆ ಅಂತ. ಹುಡುಗನಿಗೆ ಉತ್ತರ ಇಲ್ಲ, ಯಾಕಂದ್ರೆ ಅದು ನಿಜ. 2024ರ ಆಂಗ್ ಓಡಿಹೋಗೋದಿಲ್ಲ. ಮನಸ್ಸು ಹಗುರ ಮಾಡಿಕೊಂಡು ಬರ್ತೀನಿ ಅಂತ ಒಂದು ಸುತ್ತು ಹಾರೋಕೆ ಹೊರಡುತ್ತಾನೆ, ಬಿರುಗಾಳಿ ಬರುತ್ತದೆ. ಆಮೇಲೆ ಎಲ್ಲರೂ ಅವನನ್ನು ಬೈಯುತ್ತಾರೆ, ಅವನೂ ಕೊರಗುತ್ತಾನೆ. ಯಾಕೆ ಕೊರಗಬೇಕು? ವಾಕಿಂಗ್ ಹೋದಾಗ ಮಳೆ ಬಂದರೆ ಅದು ತಪ್ಪಾ?

ನಾನು ನೋಡೋದು ಇಷ್ಟನ್ನೇ. ಬಟ್ಟೆ ಬಣ್ಣ ಬದಲಾಯ್ತಾ, ಕೂದಲು ಬದಲಾಯ್ತಾ, ಕಂತು ಹಿಂದೆಮುಂದೆ ಆಯ್ತಾ, ಇದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳೋದಿಲ್ಲ. ಪಾತ್ರ ಮಾಡುವ ತೀರ್ಮಾನ ಬದಲಾಯ್ತಾ? ಓಡಿಹೋದವನು ಓಡಿಹೋಗಲೇ ಇಲ್ಲ ಅಂತಾಯ್ತಾ? ನಿಮಗೆ ಎದೆಯಲ್ಲಿ ಏನೋ ಚುಚ್ಚಿದ ಹಾಗೆ ಆಗಿ, ಬಾಯಲ್ಲಿ ಮಾತ್ರ ‘ಅವನ ಹಣೆ ಮೇಲಿನ ಬಾಣದ ಗುರುತು ಸರಿಯಿಲ್ಲ’ ಅಂತ ಬರುತ್ತದೆ. ಅಭಿಮಾನಿಗಳ ಬೈಗುಳದಲ್ಲಿ ಮುಕ್ಕಾಲು ಪಾಲು ಹೀಗೇ. ನೋವು ನಿಜ, ತೋರಿಸಿದ ಜಾಗ ಬೇರೆ.

(ಬೆಣ್ಣೆ ದೋಸೆ ಹೋಲಿಕೆ ಕೊಡೋಣ ಅಂತ ಕೈ ತುರಿಸಿತು. ಬೇಡ. ದಾವಣಗೆರೆಯವರಿಗೆ ಅದನ್ನು ಕೇಳಿ ಕೇಳಿ ಸಾಕಾಗಿರುತ್ತದೆ.)

ನಮ್ಮೂರ ಕಥೆ ಹೇಳದಿದ್ದರೆ ದುರ್ಗದವರು ಬಿಡೋದಿಲ್ಲ. ‘ನಾಗರಹಾವು’ 1972ರಲ್ಲಿ ಬಂತು. ತಳುಕಿನ ತರಾಸು ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದರು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತರಾಸು ಬೇಸರ ಮಾಡಿಕೊಂಡ ಮಾತು ಇಲ್ಲಿ ಇವತ್ತಿಗೂ ಓಡಾಡುತ್ತದೆ. ಸಿನಿಮಾ ಮಾತ್ರ ಊರಿಗೆ ಊರೇ ತಲೆ ಮೇಲೆ ಹೊತ್ತುಕೊಂಡಿತು. ನಮ್ಮ ದೊಡ್ಡಪ್ಪ ಕಾದಂಬರಿ ಓದಿದ್ದವರು, ಕೊನೆ ತನಕ ತರಾಸು ಪಕ್ಷ. ಟಿವಿಯಲ್ಲಿ ಆ ಸಿನಿಮಾ ಬಂದರೆ ಬೈಯುತ್ತಲೇ ಪೂರ್ತಿ ನೋಡೋರು. ಒಂದು ದೃಶ್ಯಕ್ಕೆ ಬಂದಾಗ ಮಾತ್ರ ಸುಮ್ಮನಾಗುತ್ತಿದ್ದರು, ಓಬವ್ವನ ಭಾಗ. ‘ಇದೊಂದು ಸರಿಯಾಗಿ ತೆಗೆದಿದ್ದಾನೆ’ ಅನ್ನೋರು.

ಆ ಓಬವ್ವನ ಕಿಂಡಿಯನ್ನೇ ಇಟ್ಟುಕೊಂಡು, ಕಾಮಿಕ್ಸ್ ಸಿನಿಮಾ ಆಗುವಾಗ ಏನು ಕಳೆಯುತ್ತದೆ ಅಂತ ನನ್ನ ಮಕ್ಕಳಿಗೆ ತೋರಿಸುತ್ತೇನೆ. ನಮ್ಮಲ್ಲಿ ಚಿತ್ರ ಕಲಿಯೋಕೆ ಬರುವ ಮಕ್ಕಳು ಅಂದೆ, ಮನೆಯವಲ್ಲ. ಕೋಟೆಗೆ ಬಂದ ಹೊರಗಿನವರು ಕಿಂಡಿ ನೋಡಿ ಇಷ್ಟೇನಾ ಅಂತಾರೆ. ಇಷ್ಟೇ ಆದ್ದರಿಂದಲೇ ಕಥೆ ನಡೆದದ್ದು. ಒಬ್ಬೊಬ್ಬನೇ ತೆವಳಿಕೊಂಡು ಬರಬೇಕು. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಬಂದ ಓಬವ್ವ ಹೈದರಾಲಿಯ ಸೈನಿಕರು ನುಸುಳೋದನ್ನು ನೋಡುತ್ತಾಳೆ. ಇದನ್ನು ಮೂರು ಚೌಕದಲ್ಲಿ ಬರೆಯಿರಿ ಅಂತ ಮಕ್ಕಳಿಗೆ ಹೇಳುತ್ತೇನೆ. ಜಾಣ ಮಕ್ಕಳು ಹೀಗೆ ಬರೆಯುತ್ತಾರೆ: ಮೊದಲ ಚೌಕದಲ್ಲಿ ಕಿಂಡಿಯಿಂದ ಹೊರಬಂದ ಒಂದು ತಲೆ. ಎರಡನೆಯದರಲ್ಲಿ ಮೇಲೆತ್ತಿದ ಒನಕೆ. ಮೂರನೆಯದರಲ್ಲಿ ಪಕ್ಕಕ್ಕೆ ಎಳೆದು ಹಾಕಿದ ಕಾಲುಗಳು, ಕಿಂಡಿಯಲ್ಲಿ ಇನ್ನೊಂದು ತಲೆ. ಏಟು ಎಲ್ಲಿ? ಬರೆದೇ ಇಲ್ಲ. ಎರಡು ಚೌಕದ ನಡುವೆ ಬಿಟ್ಟ ಬಿಳಿ ಪಟ್ಟಿ ಇದೆಯಲ್ಲ, ಅಲ್ಲಿ ಏಟು ಬಿತ್ತು. ಬೀಸಿದ್ದು ಓದುವವನು. ಎಷ್ಟು ಜೋರಾಗಿ, ಎಷ್ಟು ಹೊತ್ತು, ಸದ್ದು ಹೇಗೆ, ಎಲ್ಲ ಅವನದೇ.

ಸಿನಿಮಾಕ್ಕೆ ಆ ಬಿಳಿ ಪಟ್ಟಿ ಇಲ್ಲ. ಒನಕೆ ಎತ್ತಿದ್ದಕ್ಕೂ ಇಳಿದದ್ದಕ್ಕೂ ನಡುವೆ ಏನೋ ಒಂದನ್ನು ತೋರಿಸಲೇಬೇಕು. ತೋರಿಸಿದ್ದು ಯಾವತ್ತೂ ನಿಮ್ಮ ತಲೆಯಲ್ಲಿದ್ದದ್ದಕ್ಕೆ ಸರಿಹೊಂದೋದಿಲ್ಲ. ಬಾಲಮಂಗಳ ಅನ್ನೋ ಮಕ್ಕಳ ಪತ್ರಿಕೆಯ ಹೀರೋ ಡಿಂಗ ಹಾರುವಾಗ ಗಾಳಿ ಸದ್ದು ಹೇಗಿತ್ತು? ನನಗೊಂದು ಥರ ಕೇಳಿಸುತ್ತಿತ್ತು, ಅದೇ ಪುಸ್ತಕ ಎರವಲು ತಗೊಂಡ ಪಕ್ಕದ ಮನೆಯವನಿಗೆ ಇನ್ನೊಂದು ಥರ. ಇಬ್ಬರಿಗೂ ಸರಿಹೋಗೋ ಸಿನಿಮಾ ತೆಗೆಯಿರಿ ನೋಡೋಣ.

‘ವಾಚ್‌ಮೆನ್’ ಇದಕ್ಕೆ ಒಳ್ಳೆ ಪಾಠ. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ ಕಾಮಿಕ್ಸ್, 1986-87ರಲ್ಲಿ 12 ಸಂಚಿಕೆ. ಹೆಚ್ಚಿನ ಪುಟಗಳಲ್ಲಿ ಮೂರು ಸಾಲು, ಸಾಲಿಗೆ ಮೂರು ಚೌಕ, ಗಡಿಯಾರದ ಹಾಗೆ ಒಂದೇ ನಡಿಗೆ. 2009ರಲ್ಲಿ ಜ್ಯಾಕ್ ಸ್ನೈಡರ್ ಸಿನಿಮಾ ಮಾಡಿದರು. ಎಷ್ಟೋ ಚೌಕಗಳನ್ನು ಇದ್ದ ಹಾಗೇ ಎತ್ತಿ ತೆರೆಗೆ ತಂದರು, ಕೊನೆಯ ದೈತ್ಯ ಪ್ರಾಣಿಯನ್ನು ಮಾತ್ರ ಬಿಟ್ಟರು. ಜನ ಜಗಳ ಆಡಿದ್ದು ಆ ಪ್ರಾಣಿಗಾಗಿ. ನನಗೆ ಅದು ದೊಡ್ಡ ವಿಷಯ ಅಲ್ಲ. ನನ್ನ ತಕರಾರು ಸ್ಲೋ ಮೋಷನ್. ಕಾಮಿಕ್ಸಿನಲ್ಲಿ ಹೊಡೆತ ಬೇಗ ಮುಗಿದು ಅಸಹ್ಯ ಅನ್ನಿಸುತ್ತದೆ. ಸಿನಿಮಾದಲ್ಲಿ ಅದೇ ಹೊಡೆತ ನಿಧಾನವಾಗಿ, ಚಂದವಾಗಿ ಬೀಳುತ್ತದೆ. ಚೌಕ ಅದೇ, ಅರ್ಥ ಉಲ್ಟಾ. ಮೂಲಕ್ಕೆ ನಿಷ್ಠೆ ಅಂತ ಹಟ ಹಿಡಿಯುವವರು ಇದನ್ನು ಸ್ವಲ್ಪ ಯೋಚಿಸಬೇಕು. ಮೂರ್ ಅಂತೂ ಸಿನಿಮಾದಲ್ಲಿ ತಮ್ಮ ಹೆಸರೇ ಬೇಡ ಅಂದುಬಿಟ್ಟರು.

ಅಸಡ್ಡೆ ಯಾಕೆ ಅಂತ ಕೇಳಿದಿರಿ. ಇದೆ, ಸುಳ್ಳಲ್ಲ. ಆದರೆ ಬಹಳ ಸಲ ಅದು ನಿರ್ದೇಶಕನ ಕುರ್ಚಿಯಲ್ಲಿ ಇರೋದಿಲ್ಲ. ನನ್ನದೇ ಒಂದು ಅನುಭವ ಹೇಳುತ್ತೇನೆ, ಹೆಸರು ಬೇಡ. ಒಂದು ಮಕ್ಕಳ ಸರಣಿ. ಹಳ್ಳಿ ಹುಡುಗ, ಅವನ ಮೇಕೆ. ಮೇಕೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಅದರಿಂದಲೇ ಪ್ರತಿ ಕಂತಿನ ಎಡವಟ್ಟು. ಮೊದಲ ಕಂತಿನಲ್ಲಿ ಮೇಷ್ಟ್ರು ತಿದ್ದಿಟ್ಟ ಉತ್ತರ ಪತ್ರಿಕೆ ತಿಂದುಬಿಡುತ್ತದೆ. ನಾನು ಅರವತ್ತು ಹಾಳೆ ಬರೆದಿದ್ದೆ, ಮೇಕೆ ಹಾಳೆ ಅಗಿಯುವಾಗ ಗಡ್ಡ ಅಲ್ಲಾಡೋದನ್ನೇ ನಾಲ್ಕು ಥರ ಬರೆದಿದ್ದೆ. ದುಡ್ಡು ಹಾಕುವವರು ಬಂದರು. ಮೇಕೆ ಬೊಂಬೆ ಯಾರು ಕೊಳ್ತಾರೆ, ರೋಬೋ ನಾಯಿ ಮಾಡಿ ಅಂದರು. ನಾನು ಬಾಯಿ ತಡೆಯಲಾರದೆ ಕೇಳಿದೆ, ರೋಬೋ ನಾಯಿ ಹಾಳೆ ಯಾಕೆ ತಿನ್ನುತ್ತೆ ಸರ್? ಸ್ವಲ್ಪ ಯೋಚಿಸಿ ಹೇಳಿದರು: ‘ತಿನ್ನೋದು ಬೇಡ, ಸ್ಕ್ಯಾನ್ ಮಾಡಲಿ.’ ನಿರ್ದೇಶಕರು ಪಕ್ಕದಲ್ಲೇ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಅವರಿಗೆ ಗೊತ್ತಿತ್ತು. ಮನೆ ಸಾಲವೂ ಇತ್ತು. ಸರಣಿ ಬಂದಿದ್ದರೆ ಟೈಟಲಿನಲ್ಲಿ ಅವರ ಹೆಸರೇ ದಪ್ಪ ಅಕ್ಷರದಲ್ಲಿ ಬಂದು, ಬೈಗುಳವೂ ಅವರ ಪಾಲಿಗೇ ಹೋಗುತ್ತಿತ್ತು. ಪುಣ್ಯಕ್ಕೆ ಬರಲೇ ಇಲ್ಲ.

ಹಾಲಿವುಡ್‌ನಲ್ಲೂ ಇದೇ ಗೋಳು, ದುಡ್ಡು ಜಾಸ್ತಿ ಅಷ್ಟೆ. 1997ರ ‘ಬ್ಯಾಟ್‌ಮನ್ ಆಂಡ್ ರಾಬಿನ್’ ಹೊತ್ತಿನಲ್ಲಿ ಆಟಿಕೆ ಮಾರಾಟದ ಒತ್ತಡ ಎಷ್ಟಿತ್ತು ಅಂತ ನಿರ್ದೇಶಕ ಜೋಯಲ್ ಶೂಮಾಕರ್ ಆಮೇಲೆ ಹೇಳಿಕೊಂಡರು. ಇಪ್ಪತ್ತು ವರ್ಷ ಆದ ಮೇಲೆ, 2017ರಲ್ಲಿ, ಅಭಿಮಾನಿಗಳ ಕ್ಷಮೆಯನ್ನೂ ಕೇಳಿದರು. ‘ಜಸ್ಟಿಸ್ ಲೀಗ್’ ಕಥೆ ನಿಮಗೆ ಗೊತ್ತೇ ಇರುತ್ತದೆ: ಮಗಳನ್ನು ಕಳೆದುಕೊಂಡ ಸ್ನೈಡರ್ ಮಧ್ಯದಲ್ಲೇ ಬಿಟ್ಟರು, ಜಾಸ್ ವೀಡನ್ ಬಂದರು, 2017ರಲ್ಲಿ ಎರಡು ಗಂಟೆಯ ಸಿನಿಮಾ ಬಂತು, ಸೂಪರ್‌ಮನ್‌ನ ಪಾತ್ರಧಾರಿಯ ಮೀಸೆ ಕಂಪ್ಯೂಟರಿನಲ್ಲಿ ಬೋಳಿಸಿ ಬಾಯಿ ಸೊಟ್ಟಗಾಯಿತು. 2021ರ ಮಾರ್ಚಿನಲ್ಲಿ ಸ್ನೈಡರ್ ಅವರದೇ ಆವೃತ್ತಿ ಬಂತು, 242 ನಿಮಿಷ. ಎರಡನ್ನೂ ನೋಡಿದರೆ ಒಂದೇ ಕಥೆ, ಅದೇ ನಟರಿಂದ ಎಷ್ಟು ಬೇರೆ ಸಿನಿಮಾ ಆಗಬಹುದು ಅಂತ ಗೊತ್ತಾಗುತ್ತದೆ. ಅಲ್ಲಿ ನೀವು ಯಾರನ್ನು ಬೈಯುತ್ತೀರಿ?

ಹಾಗಾದ್ರೆ ಪಾತ್ರ ಹುಟ್ಟಿಸಿದವರ ಕೈಗೇ ಕೊಟ್ಟುಬಿಡಿ ಅಂತ ಕೆಲವರು ಹೇಳುತ್ತಾರೆ. ಛೋಟಾ ಭೀಮ್ ನೋಡಿ. 2008ರಲ್ಲಿ ಅವನನ್ನು ಹುಟ್ಟಿಸಿದ ಹೈದರಾಬಾದಿನ ರಾಜೀವ್ ಚಿಲಕ ಅವರೇ 2024ರಲ್ಲಿ ನಿಜವಾದ ಮಕ್ಕಳನ್ನು ಹಾಕಿ ಸಿನಿಮಾ ನಿರ್ದೇಶಿಸಿದರು. ಮೂಲದ ಬಗ್ಗೆ ಅವರಿಗಿಂತ ಪ್ರೀತಿ ಯಾರಿಗಿರುತ್ತದೆ? ಆದರೂ ಕಾರ್ಟೂನ್ ಭೀಮನ ಬಲ ಬಂದಿಲ್ಲ. ಬರೆದ ದೇಹಕ್ಕೆ ಮೂಳೆ ಇಲ್ಲ. ಲಾಡು ಬಾಯಿಗೆ ಬಿದ್ದ ತಕ್ಷಣ ಭೀಮನ ಕೈ ಉಬ್ಬುತ್ತದೆ, ಬಂಡೆ ಎತ್ತುವಾಗ ಇಡೀ ಮೈ ಸ್ಪ್ರಿಂಗಿನ ಹಾಗೆ ಕುಗ್ಗಿ ಎದ್ದು ನಿಲ್ಲುತ್ತದೆ. ಭಾರ ಇದೆ ಅಂತ ಕಣ್ಣು ನಂಬೋದು ಆ ಕುಗ್ಗುವಿಕೆಯಿಂದ. ನಿಜವಾದ ಹುಡುಗನ ಮೈ ಹಾಗೆ ಕುಗ್ಗೋದಿಲ್ಲ, ಪಾಪ. ಆಗ ಬಂಡೆ ಥರ್ಮಾಕೋಲ್ ಆಗುತ್ತದೆ. ಇದು ಪ್ರೀತಿಯ ಕೊರತೆ ಅಲ್ಲ. ಕಾರ್ಟೂನಿನಲ್ಲಿ ಕೆಲಸ ಮಾಡುತ್ತಿದ್ದ ಸಾಮಾನೇ ಇಲ್ಲಿ ಇಲ್ಲ.

ಬೈದರೆ ಉಪಯೋಗ ಇದೆಯಾ? ಇದೆ, ಒಂದು ಲೆಕ್ಕಕ್ಕೆ. 2019ರ ಏಪ್ರಿಲ್ 30ಕ್ಕೆ ‘ಸೋನಿಕ್’ ಟ್ರೇಲರ್ ಬಂತು. ವಿಡಿಯೋ ಗೇಮಿನ ನೀಲಿ ಮುಳ್ಳುಹಂದಿ, ಅದರ ಕಾರ್ಟೂನು ಕಾಮಿಕ್ಸೂ ಇವೆ. ಟ್ರೇಲರಿನಲ್ಲಿ ಅದಕ್ಕೆ ಮನುಷ್ಯರ ಹಲ್ಲು, ಚಿಕ್ಕ ಚಿಕ್ಕ ಕಣ್ಣು. ರಾತ್ರಿ ಕನಸಲ್ಲಿ ಬಂದರೆ ಹಾಸಿಗೆ ಒದ್ದೆ. ಜನ ಉಗಿದರು. ನಿರ್ದೇಶಕ ಜೆಫ್ ಫೌಲರ್ ಕೆಲವೇ ದಿನದಲ್ಲಿ ಸರಿ ಮಾಡ್ತೀವಿ ಅಂದರು, ನವೆಂಬರಿನ ಬಿಡುಗಡೆಯನ್ನು 2020ರ ಫೆಬ್ರವರಿ 14ಕ್ಕೆ ತಳ್ಳಿದರು, ಸೋನಿಕ್ ಅಭಿಮಾನಿಯೇ ಆಗಿದ್ದ ಕಲಾವಿದ ಟೈಸನ್ ಹೆಸ್ ಅವರಿಂದ ರೂಪ ತಿದ್ದಿಸಿದರು. ಸಿನಿಮಾ ಗೆದ್ದಿತು. ಇಲ್ಲಿ ಬೈಗುಳ ಯಾಕೆ ಫಲಿಸಿತು ಅಂದ್ರೆ ಅದು ಬೊಟ್ಟು ಮಾಡಿ ಹೇಳಿದ ಬೈಗುಳ: ಹಲ್ಲು, ಕಣ್ಣು, ಕಾಲು. ತಿದ್ದೋಕೆ ಆಗುವಂಥದ್ದು, ಬಿಡುಗಡೆಗೆ ಮುಂಚೆ ಹೇಳಿದ್ದು. ಒಂದು ವಿಷಯ ಮಾತ್ರ ನನ್ನಂಥ ಕೆಲಸದವನಿಗೆ ಮರೆಯೋಕೆ ಆಗಲ್ಲ. ಆ ತಿದ್ದುಪಡಿಗೆ ದುಡಿದ ವ್ಯಾಂಕೂವರಿನ ಸ್ಟುಡಿಯೋ ಸಿನಿಮಾ ಬಿಡುಗಡೆಗೂ ಮುಂಚೆಯೇ, 2019ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಬೈಗುಳವೇ ಕಾರಣ ಅಂತ ನಾನು ಹೇಳ್ತಿಲ್ಲ. ರಾತ್ರಿ ಹಗಲು ಕೂತು ಹಲ್ಲು ಅಳಿಸಿದವರು ಥಿಯೇಟರಿನ ಚಪ್ಪಾಳೆ ಹೊತ್ತಿಗೆ ಆ ಕೆಲಸದಲ್ಲೇ ಇರಲಿಲ್ಲ ಅಂತ ಹೇಳಿದೆ ಅಷ್ಟೆ.

ನಟರ ಆಯ್ಕೆಗೆ ಬೈಯುವಾಗ ಅಭಿಮಾನಿಗಳು ಸೋತದ್ದೇ ಜಾಸ್ತಿ. 1989ರ ‘ಬ್ಯಾಟ್‌ಮನ್’ಗೆ ಮೈಕೆಲ್ ಕೀಟನ್ ಅಂದಾಗ ಕಾಮಿಡಿ ನಟ ಬೇಡ ಅಂತ ಸುಮಾರು 50,000 ಪತ್ರ ಬಂದವು ಅಂತ ಹೇಳುತ್ತಾರೆ. ಇವತ್ತು ಅದೇ ಜನ ಕೀಟನ್ನೇ ಅಸಲಿ ಅಂತಾರೆ. ಜೋಕರ್ ಪಾತ್ರಕ್ಕೆ ಹೀತ್ ಲೆಡ್ಜರ್ ಅಂದಾಗಲೂ ಗಲಾಟೆ, ಆಮೇಲೆ ಆ ಪಾತ್ರಕ್ಕೇ ಆಸ್ಕರ್ ಬಂತು. ಯಾವುದು ನೋಯುತ್ತದೆ ಅಂತ ಅಭಿಮಾನಿಗೆ ಗೊತ್ತು. ಯಾವುದು ಚೆನ್ನಾಗಿ ಬರುತ್ತದೆ ಅಂತ ಮೊದಲೇ ಹೇಳೋಕೆ ಅವನ ಕೈಲಿ ಆಗಲ್ಲ, ಯಾಕಂದ್ರೆ ಅವನ ತಲೆಯಲ್ಲಿ ಹಳೆಯದು ಗಟ್ಟಿಯಾಗಿ ಕೂತಿರುತ್ತದೆ. ಇನ್ನೊಂದು, 2010ರ ಸಿನಿಮಾದಲ್ಲಿ ಆಂಗ್ ಆದ ಹುಡುಗನನ್ನು ದಯವಿಟ್ಟು ಬೈಬೇಡಿ. ನಿಮ್ಮ ಅಳಿಯನಿಗಿಂತ ಸ್ವಲ್ಪ ದೊಡ್ಡವನು ಅಷ್ಟೆ ಆಗ. ಟೇಕ್ವಾಂಡೋ ಬರುತ್ತಿತ್ತು, ಹೇಳಿಕೊಟ್ಟ ಮಾತು ಹೇಳಿದ.

ಸಿಟ್ಟು ಇನ್ನೊಂದು ದಾರಿಯಲ್ಲೂ ಕೆಲಸಕ್ಕೆ ಬಂದದ್ದಿದೆ. 2009ರ ‘ಡ್ರ್ಯಾಗನ್‌ಬಾಲ್ ಎವಲ್ಯೂಷನ್’ ನೋಡಿ ಬೈಯದವರಿಲ್ಲ. ಚಿತ್ರಕಥೆ ಬರೆದ ಬೆನ್ ರ‍್ಯಾಮ್ಸಿ 2016ರಲ್ಲಿ ಕ್ಷಮೆ ಕೇಳಿದರು, ಅಭಿಮಾನಿಯಾಗಿ ಅಲ್ಲ, ಸಂಬಳಕ್ಕಾಗಿ ಬರೆದೆ ಅಂತ ಒಪ್ಪಿಕೊಂಡರು. ಎಲ್ಲರಿಗಿಂತ ಸಿಟ್ಟು ಬಂದದ್ದು ಮೂಲ ಮಾಂಗಾ, ಅಂದ್ರೆ ಜಪಾನಿ ಕಾಮಿಕ್ಸ್, ಬರೆದ ಅಕಿರಾ ಟೋರಿಯಾಮಾ ಅವರಿಗೇ. ಎಷ್ಟೋ ವರ್ಷ ಆ ಕಥೆಯಿಂದ ದೂರ ಇದ್ದವರು 2013ರ ಅನಿಮೇಷನ್ ಸಿನಿಮಾಕ್ಕೆ ತಾವೇ ಕೈಹಾಕಿದರು, ಅದಕ್ಕೆ ಈ ಬೇಸರವೂ ಒಂದು ಕಾರಣ. ಅದರ ಬೆನ್ನಿಗೇ 2015ರಲ್ಲಿ ಹೊಸ ಸರಣಿ ಬಂತು. ತರಾಸು ಕ್ಯಾಮರಾ ಹಿಡಿದು ಕೋಟೆ ಹತ್ತಿದ ಹಾಗೆ ಅಂದುಕೊಳ್ಳಿ.

ಚೆನ್ನಾಗಿ ಬಂದದ್ದು ಒಂದಾದರೂ ಹೇಳದಿದ್ದರೆ ನಾನು ಬರೀ ಗೊಣಗುವ ಮುದುಕ ಅಂತ ಆಗುತ್ತೇನೆ. 2018ರ ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’. ಅವರು ಕಾಮಿಕ್ಸನ್ನು ನಿಜದ ಹಾಗೆ ಮಾಡೋಕೆ ಹೋಗಲೇ ಇಲ್ಲ. ಹಳೆ ಅಚ್ಚಿನ ಬಣ್ಣದ ಚುಕ್ಕಿ, ಬಣ್ಣ ಸ್ವಲ್ಪ ಆಚೀಚೆ ಬಿದ್ದ ಅಂಚು, ಎಲ್ಲ ಹಾಗೇ ಇಟ್ಟರು. ಅದರಲ್ಲಿ ಒಂದು ಕಸುಬು ಇದೆ, ನಿಮ್ಮ ಅಳಿಯನಿಗೆ ತೋರಿಸಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಬಿಡಿ ಚಿತ್ರ. ಕಾಡಿನಲ್ಲಿ ಇಬ್ಬರು ಸ್ಪೈಡರ್‌ಮ್ಯಾನ್‌ಗಳು ಬಲೆ ಹಿಡಿದು ಜೋತಾಡುವ ದೃಶ್ಯದಲ್ಲಿ ಅನುಭವಿ ಪೀಟರ್ ಪ್ರತಿ ಫ್ರೇಮಿಗೂ ಚಲಿಸುತ್ತಾನೆ, ನುಣ್ಣಗೆ ಹೋಗುತ್ತಾನೆ. ಹೊಸಬ ಮೈಲ್ಸ್‌ನ ಒಂದೊಂದು ಭಂಗಿ ಎರಡು ಫ್ರೇಮ್ ನಿಲ್ಲುತ್ತದೆ, ಸೆಕೆಂಡಿಗೆ 12 ಅಷ್ಟೆ, ಹಾಗಾಗಿ ತಡವರಿಸಿದ ಹಾಗೆ ಕಾಣುತ್ತಾನೆ. ಸೈಕಲ್ ಕಲಿಯೋ ಹುಡುಗನ ಪಕ್ಕ ಅಣ್ಣ ಕೈಬಿಟ್ಟು ಓಡಿಸಿದ ಹಾಗೆ. ಅವನಿಗೆ ಇನ್ನೂ ಬರಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಅದರ ಮುಂದಿನ ಭಾಗ 2023ರಲ್ಲಿ ಕನ್ನಡದಲ್ಲೂ ಬಂತು. ಅದರ ಪವಿತ್ರ್ ಪ್ರಭಾಕರ್ 2004ರ ಭಾರತೀಯ ಸ್ಪೈಡರ್‌ಮ್ಯಾನ್ ಕಾಮಿಕ್ಸಿನಿಂದ ಬಂದವನು. ಅಲ್ಲಿ ಹಳ್ಳಿಯಿಂದ ಮುಂಬೈ ಶಾಲೆಗೆ ಬಂದು ಬಟ್ಟೆಗಾಗಿ ಗೇಲಿ ಮಾಡಿಸಿಕೊಳ್ಳುವ ಬಡ ಹುಡುಗ. ಸಿನಿಮಾದಲ್ಲಿ ಕೂದಲು ಹಾರಿಸಿಕೊಂಡು ನಗುವ, ಎಲ್ಲ ಸಲೀಸು ಅನ್ನೋ ಹುಡುಗ. ಇಷ್ಟು ದೊಡ್ಡ ಬದಲಾವಣೆಗೆ ಗಲಾಟೆ ಆಯಿತಾ? ಇಲ್ಲ, ಜನ ಎತ್ತಿ ಆಡಿಸಿದರು. ಹೆಣ್ಣುಮಗಳು ಬೀಳ್ತಿದ್ದಾಳೆ, ಜನ ಸಾಯ್ತಿದ್ದಾರೆ ಅಂದಾಗ ಅವನು ಹಾರುತ್ತಾನೆ, ಅಷ್ಟು ಸಾಕಾಯಿತು. ನಮ್ಮ ಕಡೆ ಬಯಲಾಟ ನೋಡಿದವರಿಗೆ ಇದು ಹೊಸದಲ್ಲ. ಭೀಮನ ವೇಷ ಊರಿಂದ ಊರಿಗೆ ಬೇರೆ, ಮಾತು ಬೇರೆ. ಭೀಮ ದುಶ್ಯಾಸನನನ್ನು ಬಿಟ್ಟುಬಿಟ್ಟರೆ ಮಾತ್ರ ಜನ ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಾರೆ.

ಈಗ ನಿಮ್ಮ ಮರ್ಯಾದೆ ವಿಷಯ. ಸಿನಿಮಾವನ್ನು ಮೊದಲು ತೋರಿಸಿದ್ದು ನಿಮ್ಮ ತಪ್ಪು, ಇದಕ್ಕೆ ಶ್ಯಾಮಲನ್ ಹೊಣೆ ಅಲ್ಲ. ಭಾನುವಾರ ಅವನನ್ನು ಕೂರಿಸಿ ಆ ಆರನೇ ಕಂತು ಒಂದನ್ನೇ ಹಾಕಿ, ಇಪ್ಪತ್ಮೂರು ನಿಮಿಷ. ಹಿಂದಿನ ಕಥೆಯನ್ನು ಎರಡು ಮಾತಲ್ಲಿ ಹೇಳಿ, ಜಾಸ್ತಿ ಹೊಗಳಬೇಡಿ, ಪಕ್ಕದಲ್ಲಿ ಮಂಡಕ್ಕಿ ಇಟ್ಟು ಸುಮ್ನೆ ಕೂತಿರಿ. ಕಟಾರಾ ಭಾಷಣ ಮುಗಿದು ಯಾರೂ ಏಳದೆ ಇದ್ದಾಗ ಅವನ ಮುಖ ನೋಡಿ. ‘ಮಾಮ, ಯಾಕೆ ಏಳ್ತಿಲ್ಲ ಅವರು?’ ಅಂತ ಕೇಳಿದರೆ ಉತ್ತರ ಹೇಳಬೇಡಿ. ಕಲ್ಲಿದ್ದಲು ಮೇಲೆ ಬರುವ ತನಕ ಕೂತರೆ ನಿಮ್ಮ ಮರ್ಯಾದೆ ವಾಪಸ್ ಬಂತು ಅಂತ ಲೆಕ್ಕ. ಮಿಕ್ಕ 60 ಕಂತು ಅವನೇ ಹುಡುಕಿಕೊಳ್ಳುತ್ತಾನೆ.